ನಡೆಯುವ ತೋಳು: ಪೋಯೆಮ್-4ರ ಪ್ರಯೋಗದ ಬಗ್ಗೆ ಒಂದು ಟಿಪ್ಪಣಿ

ಬಾಹ್ಯಾಕಾಶದೊಂದಿಗೆ ಮೈಸೂರಿಗಿರುವ ನಂಟು ಊಟದ್ದು. ಗಗನಯಾನಿಗಳ ಆಹಾರ ರೂಪುಗೊಂಡದ್ದು ಇಲ್ಲಿಯ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. ಬಾಹ್ಯಾಕಾಶ ನಿಲ್ದಾಣದಿಂದ ಹೊರಗಿಳಿದವರಿಗೆ ಮಾತ್ರ ಆ ಊಟವೂ ಸಿಗದು. ಉಡುಪಿನೊಳಗಿನ ಚೀಲದ ನೀರು ಕುಡಿಯುತ್ತ ಆರೇಳು ಗಂಟೆ ದುಡಿದು ಒಳಸೇರಬೇಕು. ಅಲ್ಲೇ ದುಡಿಯುವ ಯಂತ್ರದ ತೋಳಿಗಾದರೆ ಸಾಕಷ್ಟು ವಿದ್ಯುತ್ ಇದ್ದರಾಯಿತು.

2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ಜನರ ನೆನಪಿನಲ್ಲಿ ಉಳಿದದ್ದು ಸ್ಪೇಡೆಕ್ಸ್ ಉಪಗ್ರಹಗಳ ಜೋಡಣೆಯಿಂದ. ಅದೇ ರಾಕೆಟ್ಟಿನ ನಾಲ್ಕನೆಯ ಹಂತ ಪೋಯೆಮ್-4 ಎಂಬ ವೇದಿಕೆಯಾಗಿ ಕಕ್ಷೆಯಲ್ಲೇ ಉಳಿಯಿತು. ತಿರುವನಂತಪುರದ ಇಸ್ರೊ ಇನರ್ಷಿಯಲ್ ಸಿಸ್ಟಮ್ಸ್ ಯೂನಿಟ್ ರೂಪಿಸಿದ ರೋಬಾಟಿಕ್ ತೋಳು ಅದರ ಮೇಲಿತ್ತು. 2025ರ ಜನವರಿ ಮೊದಲ ವಾರದಲ್ಲಿ ಅದು ಕೆಲಸ ಮಾಡಿ ತೋರಿಸಿತು. ಜೋಡಣೆಯ ಸಂಭ್ರಮದಲ್ಲಿ ಈ ಪ್ರಯೋಗಕ್ಕೆ ತಕ್ಕ ಗಮನ ಸಲ್ಲಲಿಲ್ಲ ಎಂದೇ ನನ್ನ ಎಣಿಕೆ.

ಇದನ್ನು ಯಾವುದರೊಂದಿಗೆ ಹೋಲಿಸಬೇಕು? 1981ರಲ್ಲಿ ಅಮೆರಿಕದ ಷಟಲ್ ಹೊತ್ತೊಯ್ದ ಕೆನಡಾರ್ಮ್‌ನೊಂದಿಗಲ್ಲ. ಅದಕ್ಕಿದ್ದದ್ದು ಆರು ಕೀಲು, ಭುಜವೋ ನೌಕೆಗೇ ಬಿಗಿದಿತ್ತು. ಸರಿಯಾದ ಹೋಲಿಕೆ 2001ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣ ಸೇರಿದ, 17 ಮೀಟರಿಗೂ ಉದ್ದದ ಕೆನಡಾರ್ಮ್-2. ಅದರ ಎರಡು ತುದಿಗಳೂ ಒಂದೇ ಬಗೆಯವು: ಒಂದು ಹಿಡಿದಿರುವಾಗ ಇನ್ನೊಂದು ಮುಂದಿನ ಹಿಡಿಕೆ ಹುಡುಕುತ್ತದೆ, ಮಲೆನಾಡಿನ ಇಂಬಳ ಸಾಗುವ ಹಾಗೆ. ನಮ್ಮ ತೋಳನ್ನು ರೂಪಿಸಿರುವುದೂ ಇದೇ ನಡಿಗೆಗೆ, ಏಳು ಕೀಲುಗಳೊಂದಿಗೆ. ಕೈಯನ್ನು ಬೇಕಾದ ಜಾಗಕ್ಕೆ, ಬೇಕಾದ ದಿಕ್ಕಿಗೆ ಒಯ್ಯಲು ಆರು ಕೀಲು ಸಾಕು. ಕೈ ಕದಲದಂತೆ ಮೊಣಕೈಯನ್ನಷ್ಟೇ ಸರಿಸಿ ಅಡ್ಡ ಬಂದದ್ದನ್ನು ತಪ್ಪಿಸಲು ಏಳನೆಯದು ಬೇಕು.

ಆದರೂ ಇದನ್ನು ಗಗನಯಾನಿಗಳ ಸಹಾಯಕ ಎಂದು ಕರೆಯುವುದು ಅವಸರ. 2007ರಲ್ಲಿ ಗಗನಯಾನಿ ಸ್ಕಾಟ್ ಪ್ಯಾರಾಜಿನ್ಸ್ಕಿ ಕೆನಡಾರ್ಮ್-2ಕ್ಕೆ ಜೋಡಿಸಿದ ಉದ್ದ ಕಂಬದ ತುದಿಯಲ್ಲಿ ನಿಂತು, ನಿಲ್ದಾಣದ ಹರಿದ ಸೌರಫಲಕವನ್ನು ಹೊಲಿದಂತೆ ಸರಿಪಡಿಸಿದರು. ಮನುಷ್ಯನ ಭಾರ ಹೊತ್ತು, ಅವನ ಜೀವದ ಹೊಣೆಯನ್ನೂ ಹೊರುವ ಆ ಕೆಲಸ ಬೇರೆ ಮಟ್ಟದ್ದು.

ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕ 2028ಕ್ಕೆಂದು ಯೋಜಿತವಾಗಿದೆ. ತೋಳು ನಡೆಯಬೇಕಾದರೆ ಘಟಕದ ಮೈಮೇಲೆ ಹಿಡಿಕೆಗಳಿರಬೇಕು. ಅವು ತೋಳಿಗೆ ವಿದ್ಯುತ್ತನ್ನೂ ಆಜ್ಞೆಗಳನ್ನೂ ಉಣಿಸಬೇಕು. ಕಕ್ಷೆಗೇರಿದ ಮೇಲೆ ಅಂಥವನ್ನು ಕೂರಿಸುವುದು ತೀರ ಕಷ್ಟ. ಆದ್ದರಿಂದ ಹಿಡಿಕೆಗಳ ಜಾಗವನ್ನು ಮೊದಲ ಘಟಕದ ನಕ್ಷೆಯಲ್ಲೇ ಗುರುತಿಸಬೇಕು.