ತಟ್ಟೆಯೊಳಗಿನ ಡ್ಯಾಂ | ನಮ್ಮ ಕಡೆ ಊಟದ ಇತಿಹಾಸ, ಭಾಗ 6

ಇರಕಲ್ಲಗಡದಿಂದ ಸಮುದ್ರ ಭಾಳ ದೂರ. ಸಿಂಪಿ, ಸಿಗಡಿ ನಮ್ಮ ಊಟ ಅಲ್ಲ. ಆದ್ರ ಮುನಿರಾಬಾದ್ ಕಡೆ ಹೋದ್ರ ಸಣ್ಣ ಮೀನಿನ ಖಾನಾವಳಿ ಸಿಗ್ತಾವ: ಬಿಸಿ ರೊಟ್ಟಿ, ಖಾರ ಹಚ್ಚಿ ಕರಿದ ಮೀನು, ಹುಣಸೆಹುಳಿ ಸಾರು. ಹೊಳಿ ಮೀನು ಮೊದಲೂ ಇತ್ತು. ಇಷ್ಟು ಮೀನು ಬಂದಿದ್ದು ಡ್ಯಾಂ ಆದ ಮ್ಯಾಲೆ.

1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಂಡೆಯಲ್ಲಿ ಅಡಿಗಲ್ಲು ಹಾಕಿದರು. ಈ ಕಡೆ ನಿಜಾಮರ ಹೈದರಾಬಾದ್, ಆ ಕಡೆ ಮದ್ರಾಸ್. 1953ರಲ್ಲಿ ಕಾಲುವೆಗೆ ನೀರು ಬಂತು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿ ಮುಳುಗಿದವು. ಆಚೆ ದಂಡೆಯ ನಾರಾಯಣದೇವರಕೆರೆಯವರು ಊರು ಬಿಟ್ಟು ಮರಿಯಮ್ಮನಹಳ್ಳಿಗೆ ಬಂದರು. ಮನೆ, ಹೊಲ ಹೋದ ಜಾಗದಲ್ಲೇ ಇವತ್ತು ಬಲೆ ಬೀಸ್ತಾರ.

ಮೀನೂ ಹೊರಗಿನಿಂದ ಬಂದವೇ. ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಗಂಗಾ ಬಯಲಿನವು. ಮರಿ ತಂದು ಜಲಾಶಯಕ್ಕೆ ಬಿಟ್ಟಿದ್ದಕ್ಕೆ ನಮ್ಮ ತಟ್ಟೆಗೆ ಬಂದ್ವು.

ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಕಡೆ ಹೋಗಿ ಭತ್ತ ಬೆಳೆಸ್ತು. ಇರಕಲ್ಲಗಡದ ಕಡೆ ಹೊಲ ಹೆಚ್ಚಾಗಿ ಮಳೆ ನಂಬಿದವು. ಡ್ಯಾಂ ನೀರು ಹೊಲಕ್ಕೆ ಮುಟ್ಟದ ಊರಿನವರಿಗೂ ಡ್ಯಾಂ ಮೀನು ಮುಟ್ಟೈತಿ!

ಆದ್ರ 133 ಟಿಎಂಸಿ ಹಿಡೀತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದೈತಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿ ಹೋಯ್ತು. ಹಂಗ ನೀರು ಹೋದ್ರ ಭತ್ತದವರಷ್ಟೇ ಅಲ್ಲ, ಬಲೆ ನಂಬಿದವರೂ ಖಾನಾವಳಿಯವರೂ ಕೈ ಕಟ್ಟಿ ಕೂಡಬೇಕಾಗ್ತದ.

ನಿಮ್ಮ ಮನೆ ಹಿರಿಯರನ್ನ ಕೇಳ್ರಿ. ಮುಳುಗಿದ ಒಂದು ಊರಿನ ಹೆಸರು ಗೊತ್ತಿದ್ರ ಕೆಳಗ ಬರೀರಿ.

#ಕೊಪ್ಪಳ #ತುಂಗಭದ್ರಾ #ಇರಕಲ್ಲಗಡ