ಎದುರಾಳಿಯ ಇಂಗಿತ: ಪೋಕರ್ ಮೇಜಿನಿಂದ ವಿಮಾನ ನಿಲ್ದಾಣದವರೆಗೆ

ಇಸ್ಪೀಟೆಲೆ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅದು ಸಹಜವೇ. ಜೂಜಿನಿಂದ ಮನೆ ಹಾಳಾದ ಕಥೆ ಇಲ್ಲದ ಊರು ಯಾವುದಿದೆ? ಆದರೂ ವಿದ್ಯಾರ್ಥಿ ಮಿತ್ರರೇ, ಈ ಹೊತ್ತು ನಿಮ್ಮನ್ನು ಒಂದು ಜೂಜಿನ ಮೇಜಿನ ಬಳಿಗೇ ಕರೆದೊಯ್ಯಬೇಕಾಗಿದೆ. ಆಡುವುದಕ್ಕಲ್ಲ, ನೋಡುವುದಕ್ಕೆ. ಎದುರು ಕುಳಿತವನ ಮನಸ್ಸಿನಲ್ಲಿರುವುದನ್ನು ಅವನ ಮೈಯಿಂದ ಓದಬಹುದೇ ಎಂಬ ಪ್ರಶ್ನೆಯನ್ನು ಮನುಷ್ಯರು ತಮ್ಮ ಕಿಸೆಯ ಹಣವನ್ನೇ ಪಣಕ್ಕಿಟ್ಟು ಸುಮಾರು ಇನ್ನೂರು ವರ್ಷ ಪರೀಕ್ಷಿಸಿದ್ದು ಆ ಮೇಜಿನಲ್ಲಿ.

ಪೋಕರ್ ಆಟ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ದಕ್ಷಿಣ ತುದಿಯ ನ್ಯೂ ಆರ್ಲಿಯನ್ಸ್ ಪಟ್ಟಣದ ಆಸುಪಾಸಿನಲ್ಲಿ. 1803ರಲ್ಲಿ ಅಮೆರಿಕದ ಕೈಸೇರಿದ ಆ ಊರಿನಲ್ಲಿ ಫ್ರೆಂಚ್ ಮಾತನಾಡುವವರು ಬಹಳ. ಅವರ 'ಪೋಕ್' ಎಂಬ ಆಟದಿಂದಲೇ ಪೋಕರ್ ಎಂಬ ಹೆಸರು ಬಂದಿರಬೇಕೆಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಮಿಸಿಸಿಪ್ಪಿ ನದಿಯಲ್ಲಿ ಓಡಾಡುತ್ತಿದ್ದ ಹಬೆಯ ದೋಣಿಗಳು ಈ ಆಟವನ್ನು ಊರಿಂದೂರಿಗೆ ಸಾಗಿಸಿದವು. ದಿನಗಟ್ಟಲೆ ಪ್ರಯಾಣ, ಹತ್ತಿಯ ವ್ಯಾಪಾರಿಗಳ ಕೈಯಲ್ಲಿ ನಗದು ಹಣ, ಮಾಡಲು ಬೇರೆ ಕೆಲಸವಿಲ್ಲ. ಜೂಜುಕೋರರಿಗೆ ಇದಕ್ಕಿಂತ ಇನ್ನೇನು ಬೇಕು? ಜೋ ಕೋವೆಲ್ ಎಂಬ ಇಂಗ್ಲಿಷ್ ನಟ 1829ರಲ್ಲಿ ಇಂಥ ಒಂದು ದೋಣಿಯಲ್ಲಿ ಕಂಡ ಆಟವನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಪೋಕರ್ ಕುರಿತು ನಮಗೆ ಸಿಗುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು.

ಆ ಕಾಲದ ಆಟದ ಒಂದು ಅಂಶವನ್ನು ನೀವು ವಿಶೇಷವಾಗಿ ಗಮನಿಸಬೇಕು. ಆಗಿನ ಕಟ್ಟಿನಲ್ಲಿ 52 ಎಲೆಗಳಿರಲಿಲ್ಲ, 20 ಮಾತ್ರ ಇದ್ದವು: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರು ಕುಳಿತರೆ ಒಬ್ಬೊಬ್ಬರಿಗೆ ಐದೈದು ಎಲೆ, ಅಲ್ಲಿಗೆ ಕಟ್ಟು ಮುಗಿಯಿತು. ಎಲೆ ಬದಲಾಯಿಸುವಂತಿಲ್ಲ, ಹೊಸದು ಎಳೆಯುವಂತಿಲ್ಲ. ಉಳಿದದ್ದು ಪಣ ಒಡ್ಡುವುದು ಮಾತ್ರ. ಒಬ್ಬ ಹಣ ಮುಂದಿಟ್ಟರೆ ಉಳಿದವರು ಅಷ್ಟೇ ಹಣ ಇಡಬೇಕು, ಇಲ್ಲವೇ ಇನ್ನೂ ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಆಟ ಬಿಡಬೇಕು. ಎಲ್ಲರೂ ಬಿಟ್ಟರೆ, ಕೈಯಲ್ಲಿ ಕಸವಿದ್ದವನೂ ಗೆದ್ದಂತೆಯೇ. ಹೀಗೆ ಕೆಟ್ಟ ಎಲೆ ಹಿಡಿದು ದೊಡ್ಡ ಪಣ ಒಡ್ಡಿ ಹೆದರಿಸುವುದಕ್ಕೆ 'ಬ್ಲಫ್' ಎನ್ನುತ್ತಾರೆ. ನಮ್ಮ ಮೂರೆಲೆ ಆಟ ಬಲ್ಲವರಿಗೆ ಇದು ಹೊಸದಲ್ಲ. ಎದುರಾಳಿಯ ಎಲೆಯ ಬಗ್ಗೆ ಬೇರೆ ಯಾವ ಮಾಹಿತಿಯೂ ಇಲ್ಲದಿರುವಾಗ ಮನುಷ್ಯ ಎಲ್ಲಿ ನೋಡುತ್ತಾನೆ? ಅವನ ಮುಖವನ್ನು, ಕಣ್ಣನ್ನು, ಕೈಬೆರಳನ್ನು.

ಮುಂದೆ 52 ಎಲೆಗಳ ಕಟ್ಟು ಬಂತು, ಎಲೆ ಬದಲಾಯಿಸುವ ಕ್ರಮ ಬಂತು, ಕೆಲವು ಎಲೆಗಳನ್ನು ಮೇಲ್ಮುಖವಾಗಿ ಇಡುವ ಕ್ರಮವೂ ಬಂತು. ಆದರೆ ನೋಡುವ ಅಭ್ಯಾಸ ಹೋಗಲಿಲ್ಲ. ಭಾವವನ್ನು ತೋರಗೊಡದ ಮುಖಕ್ಕೆ 'ಪೋಕರ್ ಮುಖ' ಎಂಬ ಮಾತು 1870ರ ದಶಕದಲ್ಲಿ ಇಂಗ್ಲಿಷಿನ ಅಚ್ಚಿಗೆ ಬಂದಿತು. ಅರಿವಿಲ್ಲದೆ ಮೈ ಬಿಟ್ಟುಕೊಡುವ ಸುಳಿವಿಗೆ ಆಟಗಾರರು 'ಟೆಲ್' ಎಂದರು, ಅಂದರೆ 'ಹೇಳಿಬಿಡುವುದು'. ನಾವು ಸುಳಿವು ಎಂದೇ ಕರೆಯೋಣ.

ಅದೇ ಹೊತ್ತಿಗೆ ವಿಜ್ಞಾನಿಗಳ ಕಣ್ಣೂ ಮುಖದ ಮೇಲೆ ಬಿದ್ದಿತ್ತು. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲಿ, ಮನಸಾರೆ ನಗುವಾಗ ಕಣ್ಣಿನ ಸುತ್ತಲ ಸ್ನಾಯುವೂ ಕುಗ್ಗುತ್ತದೆ, ಬರಿದೇ ತುಟಿಯ ನಗೆಯಲ್ಲಿ ಹಾಗಾಗುವುದಿಲ್ಲ ಎಂದು ತೋರಿಸಿದ. ಹತ್ತು ವರ್ಷದ ಬಳಿಕ, 1872ರಲ್ಲಿ, ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಒಂದು ಇಡೀ ಗ್ರಂಥ ಬರೆದ. ಇಚ್ಛೆಯ ಹಿಡಿತಕ್ಕೆ ಸಿಗದ ಚಲನೆಗಳು ನಮ್ಮ ಮೈಯಲ್ಲಿವೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು.

ಹಿಡಿತಕ್ಕೆ ಸಿಗುವುದಿಲ್ಲ ಎಂದರೆ ಎಷ್ಟರ ಮಟ್ಟಿಗೆ ಎಂಬುದನ್ನು ತೋರಿಸಿದ್ದು ಮಾತ್ರ ಒಂದು ಕುದುರೆ. ಜೂಜಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಈ ಚರಿತ್ರೆಯಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮಾಸ್ತರರು ಹಾನ್ಸ್ ಎಂಬ ತಮ್ಮ ಕುದುರೆಗೆ ಲೆಕ್ಕ ಕಲಿಸಿದ್ದೇನೆಂದು ಹೇಳುತ್ತಿದ್ದರು. ಏಳಕ್ಕೆ ಐದು ಕೂಡಿಸಿದರೆ ಎಷ್ಟು ಎಂದು ಕೇಳಿದರೆ ಹಾನ್ಸ್ ಗೊರಸನ್ನು ಹನ್ನೆರಡು ಸಲ ನೆಲಕ್ಕೆ ಕುಟ್ಟಿ ನಿಲ್ಲಿಸುತ್ತಿತ್ತು. 1904ರಲ್ಲಿ ಒಂದು ಸಮಿತಿಯೇ ನೇಮಕವಾಗಿ, ಇದರಲ್ಲಿ ಮೋಸವಿಲ್ಲ ಎಂದಿತು. ನಿಜಕ್ಕೂ ಮೋಸವಿರಲಿಲ್ಲ. ಆಸ್ಕರ್ ಫುಂಗ್ಸ್ಟ್ ಎಂಬ ಯುವ ಸಂಶೋಧಕ ಬಹಳ ಸರಳವಾದ ಉಪಾಯ ಹೂಡಿದ: ಉತ್ತರ ಗೊತ್ತಿಲ್ಲದವನಿಂದಲೇ ಪ್ರಶ್ನೆ ಕೇಳಿಸಿದ. ಕುದುರೆ ತಪ್ಪತೊಡಗಿತು! ಕೇಳುವವನು ಕಾಣದಂತೆ ಕಣ್ಣಿಗೆ ಮರೆ ಕಟ್ಟಿದಾಗಲೂ ತಪ್ಪಿತು. ಪ್ರಶ್ನೆ ಕೇಳಿದವನು ಗೊರಸನ್ನು ನೋಡಲು ತಲೆಯನ್ನು ತುಸು ಬಾಗಿಸುತ್ತಿದ್ದ, ಸರಿಯಾದ ಸಂಖ್ಯೆ ಬಂದೊಡನೆ ಅವನಿಗೇ ತಿಳಿಯದಂತೆ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಓದುತ್ತಿದ್ದುದು ಲೆಕ್ಕವನ್ನಲ್ಲ, ಮನುಷ್ಯನನ್ನು. ಇದನ್ನೆಲ್ಲ ಕಂಡುಹಿಡಿದ ಮೇಲೂ ಫುಂಗ್ಸ್ಟ್‌ಗೆ ತನ್ನ ತಲೆಯ ಚಲನೆಯನ್ನು ಪೂರಾ ತಡೆಯಲು ಆಗಲಿಲ್ಲ. ಈ ತನಿಖೆಯ ಪುಸ್ತಕ 1907ರಲ್ಲಿ ಹೊರಬಂತು. ಇಂದಿಗೂ ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳಿಯೇ ಪಾಠ ಮುಂದುವರಿಸುವುದು ವಾಡಿಕೆ.

ಮತ್ತೆ ಮೇಜಿಗೆ ಬರೋಣ. 1970ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ಪೋಕರ್‌ನ 'ವಿಶ್ವ ಸರಣಿ' ಶುರುವಾಯಿತು. ಬಾಯಿಂದ ಬಾಯಿಗೆ ಬಂದಿದ್ದ ಸುಳಿವುಗಳನ್ನು ಛಾಯಾಚಿತ್ರ ಸಮೇತ ಕ್ರಮವಾಗಿ ಪುಸ್ತಕಕ್ಕೆ ಇಳಿಸಿದವನು ಮೈಕ್ ಕ್ಯಾರೊ, 1984ರಲ್ಲಿ. ಅವನು ಮಾಡಿದ ಒಂದು ವಿಂಗಡಣೆ ಜಾಣತನದ್ದು. ಕೆಲವು ಸುಳಿವುಗಳು ಅರಿವಿಲ್ಲದೆ ಬರುವಂಥವು, ಇನ್ನು ಕೆಲವು ಬೇಕೆಂದೇ ಮಾಡುವ ನಟನೆ. ನಟನೆಯಾದರೆ ಅದನ್ನು ತಿರುವಿ ಓದಬೇಕು. ನಿಟ್ಟುಸಿರು ಬಿಟ್ಟು, ಭುಜ ಕುಣಿಸಿ, 'ಏನೋ ಇಡುತ್ತೇನಪ್ಪ' ಎಂಬಂತೆ ಪಣ ಒಡ್ಡುವವನ ಕೈಯಲ್ಲಿ ಒಳ್ಳೆಯ ಎಲೆ ಇರುತ್ತದೆ. ಎದೆ ಉಬ್ಬಿಸಿ, ದಿಟ್ಟಿಸಿ ನೋಡಿ, ಬಿಲ್ಲೆಗಳನ್ನು ರಭಸದಿಂದ ಎಸೆಯುವವನು ಹೆಚ್ಚಾಗಿ ಬೊಗಳೆ. ಅರಿವಿಲ್ಲದ ಸುಳಿವುಗಳಲ್ಲಿ ಅವನು ಹೇಳಿದ ಒಂದು ಮಾತು ನಿಮಗೆ ವಿಚಿತ್ರವೆನಿಸಬಹುದು. ಪಣ ಒಡ್ಡುವಾಗ ಇದ್ದಕ್ಕಿದ್ದಂತೆ ಕೈ ನಡುಗಿದರೆ ಅದು ಸುಳ್ಳಿನ ಭಯವೆಂದು ತಿಳಿಯಬೇಡಿ, ಬಲವಾದ ಎಲೆ ಬಂದ ಉದ್ವೇಗ ಅದು, ಎನ್ನುತ್ತಾನೆ. ನಮ್ಮ ಸಾಮಾನ್ಯ ಊಹೆಗೆ ಇದು ತೀರ ವಿರುದ್ಧ. ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗಿದ ಹುಡುಗನನ್ನು ನಾವು ಯಾವ ದೃಷ್ಟಿಯಿಂದ ನೋಡುತ್ತೇವೆ ಎಂದು ಒಮ್ಮೆ ನೆನೆದುಕೊಳ್ಳಿ.

ಒಳ್ಳೆಯ ಆಟಗಾರರು ಇದಕ್ಕೆ ಇನ್ನೊಂದು ನಿಯಮವನ್ನು ಸೇರಿಸಿಕೊಂಡಿದ್ದಾರೆ. ಒಬ್ಬ ಮನುಷ್ಯನ ಸಹಜ ನಡವಳಿಕೆ ತಿಳಿಯದೆ ಅವನ ಯಾವ ಚಲನೆಗೂ ಅರ್ಥ ಹಚ್ಚಬಾರದು. ಸದಾ ಕಾಲು ಕುಣಿಸುವವನ ಕಾಲು ಕುಣಿತಕ್ಕೆ ಅರ್ಥವಿಲ್ಲ, ಅದು ಥಟ್ಟನೆ ನಿಂತರೆ ಅರ್ಥವಿರಬಹುದು. ಹಾಗಾಗಿ ಅವರು ಗಂಟೆಗಟ್ಟಲೆ ಸುಮ್ಮನೆ ನೋಡುತ್ತ ಕೂರುತ್ತಾರೆ.

ಇಷ್ಟೆಲ್ಲ ನಂಬಿಕೆಗಳಲ್ಲಿ ಎಷ್ಟು ನಿಜ? ಅದನ್ನು ಪರೀಕ್ಷಿಸಲು ಬಹುಕಾಲ ದಾರಿಯೇ ಇರಲಿಲ್ಲ, ಏಕೆಂದರೆ ಬ್ಲಫ್ ಮಾಡಿ ಗೆದ್ದವನು ತನ್ನ ಎಲೆಯನ್ನು ತೋರಿಸಬೇಕಾಗಿಲ್ಲ. ದಾರಿ ತೆರೆದದ್ದು ಟೆಲಿವಿಷನ್. 1999ರಲ್ಲಿ ಬ್ರಿಟನ್ನಿನ ಒಂದು ಕಾರ್ಯಕ್ರಮದಲ್ಲಿ ಮೇಜಿಗೆ ಗಾಜು ಹಾಕಿ ಕೆಳಗಿನಿಂದ ಕ್ಯಾಮೆರಾ ಇಟ್ಟರು. ಆಟಗಾರನ ಮುಖ ಮತ್ತು ಅವನು ಮುಚ್ಚಿಟ್ಟ ಎಲೆ, ಎರಡನ್ನೂ ವೀಕ್ಷಕರು ಒಟ್ಟಿಗೆ ಕಾಣುವಂತಾಯಿತು. 2003ರ ವಿಶ್ವ ಸರಣಿಯ ಕೊನೆಯ ಸುತ್ತು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕಡೆ ಸ್ಯಾಮ್ ಫರ್ಹಾ, ಪಳಗಿದ ವೃತ್ತಿಪರ. ಇನ್ನೊಂದು ಕಡೆ ಟೆನೆಸ್ಸೀ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್. ಎದುರಾಳಿಯ ಮುಖವೇ ಕಾಣದ ಅಂತರ್ಜಾಲದ ಆಟದಲ್ಲಿ ಅರ್ಹತೆ ಪಡೆದು ಬಂದವನು. ಅವನ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. ಆದರೂ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ, ಕಪ್ಪು ಕನ್ನಡಕದ ಹಿಂದೆ ಕಲ್ಲಿನಂತೆ ಕುಳಿತ. ಒಂಬತ್ತರ ಜೋಡಿ ಹಿಡಿದಿದ್ದ ಫರ್ಹಾ ಅವನನ್ನು ನೋಡಿಯೇ ನೋಡಿದ. ಕೊನೆಗೆ ಗೆಲ್ಲುವ ಎಲೆಯನ್ನು ಕೆಳಗಿಟ್ಟ! ಆ ವರ್ಷದ 25 ಲಕ್ಷ ಡಾಲರ್ ಬಹುಮಾನ ಲೆಕ್ಕಿಗನ ಪಾಲಾಯಿತು.

ಇಂಥ ಚಿತ್ರಗಳನ್ನೇ ಬಳಸಿ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವೃತ್ತಿಪರ ಆಟಗಾರರು ಬಿಲ್ಲೆ ಮುಂದಿಡುವ ಕೆಲವೇ ಕ್ಷಣಗಳ ಮೂಕ ತುಣುಕುಗಳನ್ನು ಆರಿಸಿ, ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿ, ಇವನ ಎಲೆ ಎಷ್ಟು ಚೆನ್ನಾಗಿದ್ದೀತು ಎಂದು ಕೇಳಿದರು. ಕೆಲವರಿಗೆ ಸೊಂಟದಿಂದ ಮೇಲಿನ ದೇಹ ಪೂರ್ತಿ ಕಾಣುತ್ತಿತ್ತು, ಕೆಲವರಿಗೆ ಮುಖ ಮಾತ್ರ, ಕೆಲವರಿಗೆ ತೋಳು ಮತ್ತು ಕೈ ಮಾತ್ರ. ಪೂರ್ತಿ ನೋಡಿದವರ ಊಹೆ ನಾಣ್ಯ ಚಿಮ್ಮಿ ಹೇಳಿದಂತಿತ್ತು. ಮುಖ ಮಾತ್ರ ನೋಡಿದವರದು ಅದಕ್ಕಿಂತಲೂ ಕಡೆ! ಕೈ ನೋಡಿದವರು ಮಾತ್ರ ಆಕಸ್ಮಿಕಕ್ಕಿಂತ ತುಸು ಹೆಚ್ಚು ಸರಿ ಹೇಳಿದರು. ಒಳ್ಳೆಯ ಎಲೆ ಇದ್ದವನ ಕೈ ಸಲೀಸಾಗಿ ಚಲಿಸುತ್ತಿತ್ತು. 'ತುಸು' ಎಂಬ ಮಾತನ್ನು ಅಡಿಗೆರೆ ಹಾಕಿಕೊಂಡು ಓದಿ, ಆ ವ್ಯತ್ಯಾಸ ದೊಡ್ಡದೇನಲ್ಲ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಎಲ್ಲರೂ ಮುಖವನ್ನೇ ನೋಡುತ್ತಾರೆಂದು ಆಟಗಾರನಿಗೆ ಗೊತ್ತು, ಆದ್ದರಿಂದ ಕಾವಲೆಲ್ಲ ಮುಖಕ್ಕೆ, ಕೈಗೆ ಕಾವಲಿಲ್ಲ.

ಪೋಕರ್ ಮೇಜಿನ ಈ ವಿದ್ಯೆ ಅಲ್ಲೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೈ ಸುಳ್ಳಾಡದು ಎಂಬ ಇದೇ ನಂಬಿಕೆ ಪೊಲೀಸ್ ವಿಚಾರಣೆಯಲ್ಲಿದೆ, ಕಚೇರಿಯ ಸಂದರ್ಶನದಲ್ಲಿದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 2007ರಿಂದ, ಪ್ರಯಾಣಿಕರ ಹಾವಭಾವ ನೋಡಿ ಅಪಾಯಕಾರಿಗಳನ್ನು ಗುರುತಿಸಲೆಂದೇ ತರಬೇತಿ ಪಡೆದ ಅಧಿಕಾರಿಗಳನ್ನು ನಿಲ್ಲಿಸಿದರು. 2013ರ ನವೆಂಬರಿನಲ್ಲಿ ಆ ದೇಶದ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು: ಸುಮಾರು 90 ಕೋಟಿ ಡಾಲರ್ ಖರ್ಚಾಗಿದೆ, ಆದರೆ ಹಾವಭಾವದಿಂದ ವಂಚನೆಯನ್ನು ಗುರುತಿಸುವ ಮನುಷ್ಯನ ಶಕ್ತಿ ಆಕಸ್ಮಿಕಕ್ಕೆ ಸಮ ಅಥವಾ ಅಲ್ಪಸ್ವಲ್ಪ ಮೇಲು. ಇದಕ್ಕೂ ಮೊದಲೇ, 2006ರಲ್ಲಿ, ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಃಶಾಸ್ತ್ರಜ್ಞರು ಇಂಥ ನೂರಾರು ಪರೀಕ್ಷೆಗಳ ಫಲಿತಾಂಶಗಳನ್ನು ಕಲೆಹಾಕಿದ್ದರು. 24 ಸಾವಿರಕ್ಕೂ ಹೆಚ್ಚು ಮಂದಿ ಸತ್ಯ ಯಾವುದು, ಸುಳ್ಳು ಯಾವುದು ಎಂದು ಊಹಿಸಿದ್ದರು. ಸರಿಯಾದ ಉತ್ತರ ನೂರಕ್ಕೆ 54. ಕಣ್ಣು ಮುಚ್ಚಿ ಹೇಳಿದ್ದರೆ 50 ಬರುತ್ತಿತ್ತು.

ಪೋಕರ್‌ನಲ್ಲಿ ಎದುರಾಳಿಯನ್ನು ತಪ್ಪಾಗಿ ಓದಿದರೆ ಓದಿದವನೇ ಹಣ ತೆರುತ್ತಾನೆ, ಆ ರಾತ್ರಿಯೇ ಅವನಿಗೆ ಪಾಠವಾಗುತ್ತದೆ. ವಿಚಾರಣೆಯ ಕೊಠಡಿಯಲ್ಲಿ ತಪ್ಪಾಗಿ ಓದಿದರೆ ತೆರುವವನು ಎದುರು ಕುಳಿತವನು, ಓದಿದವನಿಗೆ ತಾನು ತಪ್ಪಿದೆನೆಂಬುದು ತಿಳಿಯದೆಯೂ ಹೋಗಬಹುದು. ಸುಳ್ಳಿನ ಲಕ್ಷಣಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಪಾಲ್ ಎಕ್ಮನ್ ಇದಕ್ಕೆ ಷೇಕ್ಸ್‌ಪಿಯರನ ನಾಟಕದಿಂದ ಒಂದು ಹೆಸರು ತೆಗೆದುಕೊಂಡ: 'ಒಥೆಲೋ ತಪ್ಪು'. ಡೆಸ್ಡಿಮೋನಾ ಹೆದರಿದ್ದು ಗಂಡ ತನ್ನನ್ನು ನಂಬುವುದಿಲ್ಲವೆಂದು. ಅವನಿಗೆ ಕಂಡದ್ದು ಸಿಕ್ಕಿಬಿದ್ದವಳ ಹೆದರಿಕೆ. ಎರಡೂ ಹೆದರಿಕೆಗಳು ಮುಖದಲ್ಲಿ ಒಂದೇ ತೆರನಾಗಿ ಕಾಣುತ್ತವೆ.

ಈ ನಂಬಿಕೆ ಪೋಕರ್‌ಗಿಂತ, ಷೇಕ್ಸ್‌ಪಿಯರನಿಗಿಂತ ಎಷ್ಟೋ ಹಳೆಯದು. ಅದರ ಒಂದು ಪ್ರಾಚೀನ ದಾಖಲೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಸರ್ಕಾರಿ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಅದು. ನಾವು ಇಂದು 'ಮನಸ್ಸಿನ ಆಶಯ' ಎಂಬ ಅರ್ಥದಲ್ಲಿ ಬಳಸುವ 'ಇಂಗಿತ' ಎಂಬ ಮಾತಿಗೆ ಕೌಟಿಲ್ಯ ಕೊಡುವ ಅರ್ಥ, ಸಹಜಕ್ಕೆ ವಿರುದ್ಧವಾದ ನಡವಳಿಕೆ ಎಂದು. ಸುಳಿವೆಂದರೂ ಅದೇ ಅಲ್ಲವೇ? ಮಂತ್ರಾಲೋಚನೆಯ ಗುಟ್ಟು ಇಂಗಿತದಿಂದಲೂ ಮುಖಭಾವದಿಂದಲೂ ಹೊರಬೀಳುತ್ತದೆ, ಎಚ್ಚರವಿರಲಿ ಎನ್ನುತ್ತಾನೆ. ರಾಜನಿಗೆ ವಿಷವಿಕ್ಕಿದವನನ್ನು ಗುರುತಿಸುವ ಲಕ್ಷಣಗಳನ್ನೂ ಪಟ್ಟಿ ಮಾಡುತ್ತಾನೆ: ಒಣಗಿದ ಬಾಯಿ, ತೊದಲು ಮಾತು, ಬೆವರು, ಆಕಳಿಕೆ, ನಡುಕ, ಎಡವುವುದು, ನಿಂತಲ್ಲಿ ನಿಲ್ಲದಿರುವುದು. ರಾಜನ ಅಡುಗೆಮನೆಯಲ್ಲಿ ವಿಚಾರಣೆಗೆ ನಿಂತ ನಿರಪರಾಧಿಯೂ ಹೀಗೆಯೇ ಇದ್ದಾನು.

ಕೌಟಿಲ್ಯನಿಗೆ ಅದು ತಿಳಿಯದಿರಲಿಲ್ಲವೆಂದು ತೋರುತ್ತದೆ. ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ, ಕಳ್ಳರ ವಿಚಾರಣೆಯ ಮಾತು ಬಂದಾಗ, ಅವನು ಅಣಿಮಾಂಡವ್ಯನನ್ನು ನೆನೆಯುತ್ತಾನೆ. ಮಹಾಭಾರತದಲ್ಲಿ ಶೂಲಕ್ಕೇರಿದ ಋಷಿಯೆಂದು ನೀವು ಅವನ ಹೆಸರು ಕೇಳಿರಬಹುದು. ಚಿತ್ರಹಿಂಸೆಗೆ ಹೆದರಿ, ಕದಿಯದಿದ್ದರೂ ತಾನೇ ಕಳ್ಳನೆಂದು ಒಪ್ಪಿಕೊಂಡವನು ಅವನು, ಎನ್ನುತ್ತಾನೆ ಕೌಟಿಲ್ಯ. ಆದ್ದರಿಂದ ಸಾಕ್ಷ್ಯ ಪೂರ್ಣವಾಗಿ ಸಿಕ್ಕ ಮೇಲೆಯೇ ಶಿಕ್ಷೆ ವಿಧಿಸಬೇಕೆಂಬುದು ಅಲ್ಲಿ ಅವನು ಬರೆದ ನಿಯಮ.