ಸುಡುಗಾಡಿನ ಸಾಕ್ಷಿ, ಓಡಿಹೋದ ಆಳುಗಳು

ಪ್ರಾಚೀನ ಭಾರತದ ಚಿಂತನೆಯ ಪಾಠ ಮಾಡುವಾಗಲೆಲ್ಲ ಒಬ್ಬ ವಿದ್ಯಾರ್ಥಿಯಾದರೂ ಎದ್ದು ಕೇಳುತ್ತಾನೆ: "ಸಾರ್, ಈ ಚಾರ್ವಾಕರು ನಮ್ಮವರಾ?" 'ನಮ್ಮವರು' ಎಂಬ ಮಾತಿನಲ್ಲಿ ಒಂದು ಹಸಿವಿದೆ. ವೇದ, ಯಜ್ಞ, ಪರಲೋಕ ಎಲ್ಲವನ್ನೂ ತಳ್ಳಿಹಾಕಿದವರು ನಮ್ಮ ಕೇರಿಯವರೇ ಇರಬೇಕು ಎಂಬ ಆಸೆಯಿದೆ. ನಮ್ಮ ಶಿಬಿರಗಳಲ್ಲೂ ಚಾರ್ವಾಕ, ಬುದ್ಧ, ಅಲ್ಲಮ, ಅಂಬೇಡ್ಕರ್ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ರೂಢಿ. ಆ ಪಟ್ಟಿಯನ್ನು ನಾನೂ ಬಾಯಿಪಾಠ ಮಾಡಿದವನೇ. ಆದರೆ ಪಟ್ಟಿ ಚರಿತ್ರೆಯಲ್ಲ. ಯಾರು ನಮ್ಮವರು ಎಂದು ಕೇಳುವ ಮೊದಲು, ಅವರ ಬಗ್ಗೆ ನಮಗೆ ಹೇಳಿದವರು ಯಾರು ಎಂದು ಕೇಳಬೇಕಾಗಿದೆ.

ಲೋಕಾಯತರ ಮೂಲಗ್ರಂಥ ನಮ್ಮ ಕೈಗೆ ಉಳಿದುಬಂದಿಲ್ಲ. ಅವರ ಬಗೆಗಿನ ನಮ್ಮ ತಿಳಿವಳಿಕೆಯಲ್ಲಿ ಬಹುಪಾಲು ಅವರನ್ನು ಖಂಡಿಸಲು ಕೂತವರು ಬರೆದಿಟ್ಟದ್ದು. ನಮ್ಮ ನೆಲದಲ್ಲೇ, 14ನೇ ಶತಮಾನದ ವಿಜಯನಗರದ ಕಾಲದಲ್ಲಿ, ಮಾಧವ ಬರೆದ 'ಸರ್ವದರ್ಶನ ಸಂಗ್ರಹ'ದ ಮೊದಲ ಅಧ್ಯಾಯ ಚಾರ್ವಾಕರದು. ಮೊದಲು ಇಟ್ಟದ್ದು ಗೌರವಕ್ಕಲ್ಲ. ಮೇಲಿನ ಮೆಟ್ಟಿಲು ಹತ್ತುವವರು ಮೊದಲು ತುಳಿಯಬೇಕಾದ ಮೆಟ್ಟಿಲು ಅದು. ಮಹಾಭಾರತದ ಶಾಂತಿಪರ್ವದಲ್ಲಿ ಇನ್ನೊಂದು ಕತೆ. ಬಂಧುಗಳನ್ನು ಕೊಲ್ಲಿಸಿ ರಾಜ್ಯ ಪಡೆದೆಯಲ್ಲ ಎಂದು ಧರ್ಮರಾಯನನ್ನು ತುಂಬಿದ ಸಭೆಯಲ್ಲಿ ಹಳಿದವನ ಹೆಸರೂ ಚಾರ್ವಾಕನೇ. ಬ್ರಾಹ್ಮಣರು ಹೂಂಕಾರದಿಂದಲೇ ಅವನನ್ನು ಸುಟ್ಟರಂತೆ. ಆಮೇಲೆ ಕೃಷ್ಣ ಅವನ ರಾಕ್ಷಸಮೂಲದ ಕತೆ ಹೇಳುತ್ತಾನೆ. ಪ್ರಶ್ನೆಗೆ ಉತ್ತರ ಕೊಡುವ ಬದಲು ಕೇಳಿದವನ ಹುಟ್ಟು ಕೆದಕುವುದು ನಮಗೆ ಹೊಸದೇನಲ್ಲ, ಅಲ್ವಾ?

ದೇವಿಪ್ರಸಾದ ಚಟ್ಟೋಪಾಧ್ಯಾಯರು 1959ರ ತಮ್ಮ 'ಲೋಕಾಯತ' ಗ್ರಂಥದಲ್ಲಿ ಇದು ಜನರ ನಡುವೆ ಹಬ್ಬಿದ್ದ ಚಿಂತನೆ ಎಂದು ತೋರಿಸಲು ದುಡಿದರು. ಅದು ದೊಡ್ಡ ಕೆಲಸ. ಆದರೆ 'ಜನ' ಅಂದರೆ ಯಾರು? ಆ ಜನರಲ್ಲಿ ಒಡೆಯ ಯಾರು, ಆಳು ಯಾರು? ದಲಿತ ವಿಮರ್ಶೆ ತನ್ನ ಕೆಲಸ ಶುರು ಮಾಡಬೇಕಾದದ್ದು ಇಲ್ಲಿಂದ.

ಪಾಲಿಯ ದೀಘನಿಕಾಯದಲ್ಲಿ 'ಸಾಮಞ್ಞಫಲ ಸುತ್ತ' ಎಂಬುದಿದೆ. ತಂದೆಯನ್ನು ಕೊಂದು ಮಗಧದ ಪಟ್ಟಕ್ಕೆ ಬಂದ ಅಜಾತಶತ್ರು ಒಂದು ಹುಣ್ಣಿಮೆಯ ರಾತ್ರಿ ಬುದ್ಧನ ಬಳಿ ಬರುತ್ತಾನೆ. ಆ ಕಾಲದ ಆರು ಮಂದಿ ಗುರುಗಳು ತನಗೆ ಏನೇನು ಹೇಳಿದರು ಎಂದು ಒಪ್ಪಿಸುತ್ತಾನೆ. ಅವರಲ್ಲಿ ಒಬ್ಬ ಅಜಿತ ಕೇಶಕಂಬಲ, ಕೂದಲಿನ ಕಂಬಳಿ ಹೊದ್ದವನು. ಮನುಷ್ಯ ನಾಲ್ಕು ಭೂತಗಳಿಂದಾದವನು. ಸತ್ತಾಗ ಮಣ್ಣು ಮಣ್ಣಿಗೆ, ನೀರು ನೀರಿಗೆ, ಬೆಂಕಿ ಬೆಂಕಿಗೆ, ಗಾಳಿ ಗಾಳಿಗೆ ಸೇರುತ್ತದೆ. ದಾನಕ್ಕೂ ಯಜ್ಞಕ್ಕೂ ಫಲವಿಲ್ಲ. ಜಾಣನೂ ದಡ್ಡನೂ ದೇಹದ ಜೊತೆಗೇ ಮುಗಿಯುತ್ತಾರೆ ಎನ್ನುವುದು ಅವನ ವಾದ. ಇಲ್ಲಿ ಗಮನಿಸಬೇಕಾದುದು ಅವನು ಕೊಡುವ ಸಾಕ್ಷಿ. ಅವನು ಶಾಸ್ತ್ರದಿಂದ ಪ್ರಮಾಣ ತರುವುದಿಲ್ಲ; ಹೆಣ ಹೊತ್ತ ನಾಲ್ಕು ಜನರನ್ನೂ ಐದನೆಯದಾಗಿ ಚಟ್ಟವನ್ನೂ, ಸುಡುಗಾಡಿನಲ್ಲಿ ಬಣ್ಣಗೆಟ್ಟ ಮೂಳೆಗಳನ್ನೂ ತೋರಿಸುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದವನು ನಮ್ಮ ತಾತ. ಅವನದು ಊರಿನ ಕುಳವಾಡಿಕೆ. ಯಾರೇ ಸತ್ತರೂ ಸುದ್ದಿ ಮುಟ್ಟಿಸುವುದು, ಗುಂಡಿ ತೆಗೆಯುವುದು ಅವನ ಪಾಲಿನ ಕೆಲಸ. ಹಳೆ ಗುಂಡಿಯ ಮೂಳೆ ಸಿಕ್ಕರೆ ಪಕ್ಕಕ್ಕೆ ಸರಿಸಿ ಅಗೆಯುತ್ತಿದ್ದ. "ಗುಂಡಿ ಒಳಗೆ ಗೌಡನೂ ಒಂದೇ, ನಾನೂ ಒಂದೇ ಕಣ್ ಮಗ. ಮೇಲಕ್ಕೆ ಬಂದ್ರೆ ಮಾತ್ರ ಬ್ಯಾರೆ ಬ್ಯಾರೆ" ಅನ್ನುತ್ತಿದ್ದ. ಅವನು ಅಜಿತನ ಹೆಸರು ಕೇಳಿದವನಲ್ಲ. ಆದರೆ ಅಜಿತ ಕಣ್ಣಿಂದ ನೋಡಿ ಹೇಳಿದ್ದನ್ನು ತಾತ ಕೈಯಿಂದ ಮುಟ್ಟಿ ತಿಳಿದಿದ್ದ. ಭೌತವಾದಕ್ಕೆ ಪ್ರತ್ಯಕ್ಷವೇ ಪ್ರಮಾಣ ಅಂತಾರೆ. ಆ ಪ್ರತ್ಯಕ್ಷವನ್ನು ದಿನವೂ ಹೊತ್ತು ತಿರುಗಿದವರು ಯಾರು ಎಂದು ಮಾತ್ರ ತತ್ವಶಾಸ್ತ್ರದ ಪುಸ್ತಕಗಳು ಹೇಳುವುದಿಲ್ಲ.

ಇದೇ ಆರು ಮಂದಿಯಲ್ಲಿ ಪೂರಣ ಕಸ್ಸಪ, ಮಕ್ಖಲಿ ಗೋಸಾಲ ಎಂಬ ಇಬ್ಬರಿದ್ದಾರೆ. ಇವರನ್ನು ನೇರವಾಗಿ ಭೌತವಾದಿಗಳೆನ್ನಲಾಗದು. ಒಳಿತು ಕೆಡುಕಿನ ಕ್ರಿಯೆಗೆ ಫಲವಿಲ್ಲವೆಂದವನು ಪೂರಣ. ಎಲ್ಲವೂ ನಿಯತಿ ಎಂದವನು ಗೋಸಾಲ. ಕ್ರಿಸ್ತಶಕ 5ನೇ ಶತಮಾನದ ಬುದ್ಧಘೋಷ ತನ್ನ ವ್ಯಾಖ್ಯಾನದಲ್ಲಿ ಇವರಿಬ್ಬರನ್ನೂ ಗೇಲಿ ಮಾಡುತ್ತಾನೆ. ಪೂರಣ ಒಂದು ಮನೆಯ ನೂರನೆಯ ದಾಸ. ನೂರನ್ನು 'ಪೂರ' ಮಾಡಿದ್ದಕ್ಕೆ ಆ ಹೆಸರು. ತಪ್ಪಿಸಿಕೊಂಡು ಓಡುವಾಗ ಕಳ್ಳರು ಬಟ್ಟೆ ಕಿತ್ತುಕೊಂಡರು. ಗೋಸಾಲ ಹುಟ್ಟಿದ್ದು ಕೊಟ್ಟಿಗೆಯಲ್ಲಿ, ಎಣ್ಣೆ ಗಡಿಗೆ ಹೊತ್ತು ಕೆಸರಲ್ಲಿ ಹೋಗುವಾಗ ಎಡವಬೇಡ ಎಂದು ಒಡೆಯ ಎಚ್ಚರಿಸಿದರೂ ಜಾರಿದ, ಹೆದರಿ ಓಡಿದ, ಒಡೆಯ ಬಟ್ಟೆಯ ತುದಿ ಹಿಡಿದಾಗ ಅದನ್ನು ಅವನ ಕೈಯಲ್ಲೇ ಬಿಟ್ಟು ಬೆತ್ತಲೆ ಓಡಿದ.

ಇದು ಜೀವನಚರಿತ್ರೆಯಲ್ಲ, ಬೈಗುಳ. ಆ ಗುರುಗಳು ಬದುಕಿ ಸಾವಿರ ವರ್ಷದ ಹತ್ತಿರ ಕಳೆದ ಮೇಲೆ ಬರೆದದ್ದು. ಆದರೆ ಬೈಗುಳಕ್ಕೂ ಒಂದು ಚರಿತ್ರೆಯಿರುತ್ತದೆ. ವೇದ ಒಪ್ಪದ, ಕರ್ಮಫಲ ಒಪ್ಪದ ಗುರುವೆಂದರೆ ತಪ್ಪಿಸಿಕೊಂಡ ಆಳೇ ಇರಬೇಕು ಎಂದು ಆ ಕಾಲದ ಪಂಡಿತನಿಗೆ ಸಹಜವಾಗಿ ಅನ್ನಿಸಿತಲ್ಲ, ಅದು ಸಾಕ್ಷ್ಯ. ಬೈದವನು ನಗಲೆಂದು ಬರೆದ ಬೆತ್ತಲೆಯನ್ನು ನಾವು ಬೇರೆ ಥರ ಓದಬಹುದು: ಒಡೆಯನ ಕೈಯಲ್ಲಿ ಉಳಿದದ್ದು ಬಟ್ಟೆ ಮಾತ್ರ.

ಸಾಮಞ್ಞಫಲ ಸುತ್ತದಲ್ಲೇ ಈ ಆಳು ಮತ್ತೆ ಬರುತ್ತಾನೆ. ಸನ್ಯಾಸದಿಂದ ಕಣ್ಣಿಗೆ ಕಾಣುವ ಫಲವೇನು ಎಂದು ರಾಜ ಕೇಳಿದಾಗ ಬುದ್ಧ ಕೊಡುವ ಮೊದಲ ಉದಾಹರಣೆ ಒಬ್ಬ ದಾಸನದು. ರಾಜನೂ ಮನುಷ್ಯ, ನಾನೂ ಮನುಷ್ಯ, ಹೀಗೇಕೆ ಎಂದು ಯೋಚಿಸಿ ಅವನು ಸನ್ಯಾಸಿಯಾದರೆ ಮತ್ತೆ ದಾಸನಾಗು ಅಂತೀಯಾ ಎಂದು ಬುದ್ಧ ಕೇಳುತ್ತಾನೆ. ಇಲ್ಲ, ಎದ್ದು ನಿಂತು ನಮಸ್ಕರಿಸುತ್ತೇನೆ ಎನ್ನುತ್ತಾನೆ ರಾಜ. ಎಂಥ ಮಾತು! ಆದರೆ ವಿನಯಪಿಟಕದ ಮಹಾವಗ್ಗ ತೆರೆದರೆ, ದಾಸರಿಗೆ, ಸಾಲಗಾರರಿಗೆ, ರಾಜನ ಸೈನಿಕರಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಎದುರಾಗುತ್ತದೆ. ಒಡೆಯರ ದೂರಿನ ಮುಂದೆ ಸಂಘವೂ ಬಾಗಿತು. ಬುದ್ಧನನ್ನು ಪ್ರೀತಿಸುವ ನಾವು ಇದನ್ನು ಮುಚ್ಚಿಡಬಾರದು.

ಹಾಗೆಂದು ಭೌತವಾದ ತಾನಾಗಿಯೇ ಆಳಿನ ಪಕ್ಷವೂ ಅಲ್ಲ. ದೀಘನಿಕಾಯದ 'ಪಾಯಾಸಿ ಸುತ್ತ'ದ ಪಾಯಾಸಿ ಕೋಸಲದ ಸೇತವ್ಯದ ಒಡೆಯ. ಪರಲೋಕವಿಲ್ಲ, ಜೀವವೆಂಬ ಬೇರೆ ವಸ್ತುವಿಲ್ಲ ಎಂದು ಸಾಧಿಸಲು ಅವನು ಮಾಡಿದ ಪ್ರಯೋಗಗಳನ್ನು ನೋಡಿ. ಹಿಡಿದು ತಂದ ಕಳ್ಳನನ್ನು ಜೀವಂತ ಹರವಿಯಲ್ಲಿಟ್ಟು, ಬಾಯಿಗೆ ಹಸಿ ತೊಗಲು ಬಿಗಿದು, ಮಣ್ಣು ಮೆತ್ತಿ, ಒಲೆಯ ಮೇಲೇರಿಸಿ, ಆಮೇಲೆ ಜೀವ ಹೊರಗೆ ಹೋಗುತ್ತದೆಯೇ ಎಂದು ನೋಡುವುದು. ಕೊಲ್ಲುವ ಮುಂಚೆ, ಕೊಂದ ಮೇಲೆ ತೂಕ ಹಾಕುವುದು. ಅಜಿತನದೂ ಪಾಯಾಸಿಯದೂ ಒಂದೇ ಸಿದ್ಧಾಂತ. ಒಬ್ಬ ಸುಡುಗಾಡಿನಲ್ಲಿ ನಿಂತು ನೋಡಿದ. ಇನ್ನೊಬ್ಬ ದಂಡಾಧಿಕಾರ ಕೈಯಲ್ಲಿ ಹಿಡಿದು ನೋಡಿದ. ಕೌಟಿಲ್ಯನ ಅರ್ಥಶಾಸ್ತ್ರವೂ ರಾಜ ಕಲಿಯಬೇಕಾದ ಆನ್ವೀಕ್ಷಿಕಿಯಲ್ಲಿ ಲೋಕಾಯತವನ್ನು ಸೇರಿಸುತ್ತದೆ. ಪರಲೋಕದ ಭಯವಿಲ್ಲದ ಅಧಿಕಾರ ಪರಲೋಕದ ಹೆಸರು ಹೇಳುವ ಅಧಿಕಾರದಷ್ಟೇ ಕ್ರೂರವಾಗಬಲ್ಲದು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಚಾರ್ವಾಕರನ್ನು ಆರಿಸಿಕೊಳ್ಳದೆ ಬುದ್ಧನನ್ನು ಆರಿಸಿಕೊಂಡದ್ದನ್ನು ಇದರ ಎದುರಿಗಿಟ್ಟು ಓದಬೇಕು. ಅವರಿಗೆ ನಿರಾಕರಣೆಯಷ್ಟೇ ಸಾಲದಾಗಿತ್ತು; ಮನುಷ್ಯ ಮನುಷ್ಯನ ಜೊತೆ ಬಾಳುವ ನೀತಿ ಬೇಕಿತ್ತು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಜಿತನ ಉಚ್ಛೇದವಾದವನ್ನು ಬುದ್ಧ ಒಪ್ಪಲಿಲ್ಲವೆಂದು ಹೇಳುತ್ತಾರೆ. ಆದರೆ ಅದೇ ಪುಸ್ತಕದಲ್ಲಿ ಪುನರ್ಜನ್ಮದ ಪ್ರಶ್ನೆ ಬಂದಾಗ, ಆತ್ಮ ಮರಳಿ ಹುಟ್ಟುವುದಿಲ್ಲ, ದೇಹದ ನಾಲ್ಕು ಭೂತಗಳು ಹೊರಗಿನ ಭೂತರಾಶಿಗೆ ಸೇರಿ ಮತ್ತೆ ಕೂಡಿಕೊಳ್ಳುತ್ತವೆ ಎನ್ನುತ್ತಾರೆ. ಹಿಂದಿನ ಜನ್ಮದ ಕರ್ಮ ಈ ಜನ್ಮದ ಸ್ಥಿತಿಯನ್ನು ನಿರ್ಧರಿಸುತ್ತದೆ ಎಂಬುದನ್ನು ತಳ್ಳಿಹಾಕುತ್ತಾರೆ. ಮುಂಬಾಗಿಲಲ್ಲಿ ಬೀಳ್ಕೊಟ್ಟ ಅಜಿತನ ಮಣ್ಣು, ನೀರು, ಬೆಂಕಿ, ಗಾಳಿ ಹಿತ್ತಿಲ ಬಾಗಿಲಿಂದ ಒಳಗೆ ಬಂದಿವೆ ಎಂದು ನನಗನ್ನಿಸುತ್ತದೆ. ಯಾಕೆ ಅಂದರೆ, ಹಿಂದಿನ ಜನ್ಮವೇ ಇಲ್ಲವಾದರೆ ಕೇರಿಯಲ್ಲಿ ಹುಟ್ಟುವುದು ಯಾವ ಪಾಪದ ಫಲವೂ ಅಲ್ಲ. ಆಗ ಅದಕ್ಕೆ ಕಾರಣವನ್ನು ಇಲ್ಲೇ, ಈ ಊರಿನಲ್ಲೇ, ಯಾರ ಹೊಲ ಯಾರ ಹೆಸರಿನಲ್ಲಿದೆ ಎಂಬಲ್ಲೇ ಹುಡುಕಬೇಕಾಗುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಈಗ ಹೀಗೆ ಹೇಳುತ್ತೇನೆ: ಚಾರ್ವಾಕರು ನಮ್ಮವರು ಹೌದೋ ಅಲ್ಲವೋ ಎಂಬುದನ್ನು ಗ್ರಂಥಗಳು ತೀರ್ಮಾನಿಸಲಾರವು. ಆದರೆ ಅವರು ತೋರಿಸಿದ ಸಾಕ್ಷಿ ನಮ್ಮದು. ಚಟ್ಟ ಹೊತ್ತ ಹೆಗಲು, ಮೂಳೆ ಸರಿಸಿದ ಕೈ, ಬಟ್ಟೆ ಬಿಟ್ಟು ಓಡಿದ ಕಾಲು ನಮ್ಮವು. ತಾತ ಸತ್ತಾಗ ಅವನ ಗುಂಡಿಯನ್ನು ನಾವೇ ತೆಗೆದೆವು. ಊರಿನವರು ಯಾರೂ ಸನಿಕೆ ಹಿಡಿಯಲಿಲ್ಲ. ಗುಂಡಿಯೊಳಗೆ ಎಲ್ಲರೂ ಒಂದೇ ಎಂಬ ಅವನ ಮಾತು ನಿಜ. ಮೇಲಕ್ಕೆ ಬಂದ ಮೇಲೂ ಅದನ್ನು ನಿಜ ಮಾಡುವ ಕೆಲಸ ಅಜಿತನಿಂದ ಆಗಲಿಲ್ಲ, ತಾತನಿಂದಲೂ ಆಗಲಿಲ್ಲ. ಅದು ನಮಗೆ ಉಳಿದಿದೆ.